ಬೀಗದ ಕೈ ಹಿಡಿದವರು

ಮನೆಮಂದಿಯೆಲ್ಲ ಮದುವೆಗೋ ಜಾತ್ರೆಗೋ ಪರವೂರಿಗೆ ಹೊರಟಾಗ, ಬೀಗದ ಕೈಯನ್ನು ನೆರೆಮನೆಯವರಿಗೆ ಒಪ್ಪಿಸಿ ಹೋಗುವುದು ನಮ್ಮ ಊರುಗಳಲ್ಲಿ ಹಿಂದಿನಿಂದ ಬಂದ ವಾಡಿಕೆ. "ಸಂಜೀಕ ಎಮ್ಮೆಗೆ ಒಂದಿಷ್ಟು ಮೇವು ಹಾಕ್ರಿ ಅಣ್ಣಾರ, ಹಿತ್ತಲ ಗಿಡಕ್ಕ ನೀರು ಬಿಡ್ರಿ" ಎಂದು ಹೇಳಿ ಗೃಹಸ್ಥನು ನಿಶ್ಚಿಂತನಾಗಿ ಬಸ್ಸು ಹತ್ತುತ್ತಾನೆ. ನೆರೆಯವನು ದಿನವೂ ಬಂದು ಬೀಗ ತೆಗೆಯುತ್ತಾನೆ, ಎಮ್ಮೆಗೆ ಮೇವು ಹಾಕುತ್ತಾನೆ, ಗಿಡಗಳಿಗೆ ನೀರುಣಿಸುತ್ತಾನೆ, ಮತ್ತೆ ಬೀಗ ಹಾಕಿ ಹೋಗುತ್ತಾನೆ. ಒಳಕೋಣೆಯ ಪೆಟ್ಟಿಗೆಯತ್ತ ಅವನು ಕಣ್ಣು ಹಾಯಿಸುವುದಿಲ್ಲ. ಇದು ಸಜ್ಜನಿಕೆ. ಆದರೆ ಇದಕ್ಕಿಂತಲೂ ಮಿಗಿಲಾದ ಸಜ್ಜನಿಕೆ ಇನ್ನೊಂದುಂಟು. ಬೀಗದ ಕೈಗಳ ಗೊಂಚಲನ್ನು ಕೊಡಬಂದಾಗಲೇ, "ಒಳಕೋಣೀ ಕೀಲಿಕೈ ನನಗ್ಯಾಕ್ರಿ? ಹಿತ್ತಲ ಬಾಗಿಲದ್ದಷ್ಟ ಕೊಡ್ರಿ ಸಾಕು" ಎಂದು ಉಳಿದುವನ್ನು ಹಿಂದಿರುಗಿಸುವವನ ಸಜ್ಜನಿಕೆ ಅದು. ಮೊದಲನೆಯವನು ತನ್ನ ಮನಸ್ಸನ್ನು ಕಾದುಕೊಂಡನು. ಎರಡನೆಯವನು ತನ್ನ ಮನಸ್ಸು ನಾಳೆ ಕೆಟ್ಟರೂ, ಅಥವಾ ತನ್ನ ಮನೆಗೇ ಕಳ್ಳ ನುಗ್ಗಿದರೂ, ನೆರೆಯವನ ಪೆಟ್ಟಿಗೆಗೆ ಅಪಾಯವಾಗದಂತೆ ನೋಡಿಕೊಂಡನು.

ಓದುಗ ಬಂಧುಗಳೇ, ಈ ಎರಡನೆಯ ಬಗೆಯ ಸಜ್ಜನಿಕೆಯನ್ನೇ ವೃತ್ತಿಯಾಗಿ ಮಾಡಿಕೊಂಡ ಕೆಲವರು ಇಂದು ಲೋಕದಲ್ಲಿದ್ದಾರೆ. ಅವರ ಕೆಲಸ ನಮ್ಮ ಮನೆಗಳ ಒಳಗೇ ನಡೆಯುತ್ತಿದೆ; ಆದರೂ ನಮಗೆ ಅದರ ಅರಿವಿಲ್ಲ. ನೆಂಟರಿಷ್ಟರು ಮನೆಗೆ ಬಂದು "ನಿಮ್ಮ ಮಗ ಏನು ಕೆಲಸ ಮಾಡ್ತಾನ್ರೀ?" ಎಂದು ವಿಚಾರಿಸಿದರೆ, "ಬೆಂಗಳೂರಾಗ ಕಂಪ್ಯೂಟರಿನಾಗ ಏನೋ ಮಾಡ್ತಾನ್ರಿ" ಎಂದಷ್ಟೇ ಹೇಳುವ ತಾಯಂದಿರು ಮನೆಮನೆಗೂ ಇದ್ದಾರೆ. ಮಗನಾಗಲಿ ಮಗಳಾಗಲಿ ತನ್ನ ಕೆಲಸವನ್ನು ತಾಯಿಗೆ ತಿಳಿಯುವಂತೆ ಹೇಳಲಾರದಿದ್ದರೆ, ಅದರಲ್ಲಿ ಅಡಗಿರುವ ಹೊಣೆಯನ್ನು ಮನೆಯವರು ಅರಿಯುವುದಾದರೂ ಹೇಗೆ? ಆದ್ದರಿಂದ ಈ ತಿಂಗಳು ಅಂತಹ ಒಂದು ಕಾಯಕದ ಸ್ವರೂಪವನ್ನು ವಿಚಾರ ಮಾಡುವುದು ಉಚಿತವೆನಿಸುತ್ತದೆ. ಅದು ಬ್ರೌಸರಿನ ವಿಸ್ತರಣೆಗಳನ್ನು ಸುರಕ್ಷಿತವಾಗಿ ನಿರ್ಮಿಸುವ ತಂತ್ರಾಂಶ ಇಂಜಿನಿಯರನ ಕಾಯಕ.

ಮೊದಲು ಪದಗಳ ಅರ್ಥವನ್ನು ತಿಳಿಯೋಣ. ಗಣಕಯಂತ್ರದಲ್ಲಿ ಅಂತರ್ಜಾಲವನ್ನು ನೋಡಲು ಬಳಸುವ ತಂತ್ರಾಂಶವೇ ಬ್ರೌಸರು. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಸಫಾರಿ ಎಂಬುವು ಅದರ ಪ್ರಸಿದ್ಧ ಬಗೆಗಳು. ಅದು ಲೋಕವನ್ನು ನೋಡುವ ನಮ್ಮ ಕಿಟಕಿ. ಈ ಕಿಟಕಿಗೆ ನಮ್ಮ ಅನುಕೂಲಕ್ಕೆ ತಕ್ಕಂತೆ ಜೋಡಿಸಿಕೊಳ್ಳಬಹುದಾದ ಚಿಕ್ಕ ತಂತ್ರಾಂಶಗಳುಂಟು. ಇಂಗ್ಲಿಷಿನವರು ಎಕ್ಸ್‌ಟೆನ್ಷನ್ ಎಂದು ಕರೆಯುವ ಇವನ್ನು ನಾವು ವಿಸ್ತರಣೆಗಳೆಂದು ಕರೆಯೋಣ. ಜಾಹೀರಾತುಗಳನ್ನು ತಡೆಯುವುದು ಒಂದು ವಿಸ್ತರಣೆ, ಪಾಸ್‌ವರ್ಡುಗಳನ್ನು ನೆನಪಿಟ್ಟುಕೊಳ್ಳುವುದು ಇನ್ನೊಂದು, ಬರೆದ ಇಂಗ್ಲಿಷಿನ ವ್ಯಾಕರಣ ದೋಷಗಳನ್ನು ತಿದ್ದುವುದು ಮತ್ತೊಂದು, ಕನ್ನಡದಲ್ಲಿ ಟಂಕಿಸಲು ನೆರವಾಗುವುದು ಮಗದೊಂದು. ಗಾತ್ರದಲ್ಲಿ ಇವು ಅತಿ ಸಣ್ಣವು. ಬಹುತೇಕ ಉಚಿತವಾಗಿ ದೊರೆಯುತ್ತವೆ. ಒಂದು ಗುಂಡಿ ಒತ್ತಿದರೆ ಕ್ಷಣಾರ್ಧದಲ್ಲಿ ಬಂದು ಕುಳಿತುಕೊಳ್ಳುತ್ತವೆ.

ಹೀಗೆ ಬಂದು ಕುಳಿತುಕೊಳ್ಳುವಾಗ ಅನೇಕ ವಿಸ್ತರಣೆಗಳು ಒಂದು ಅನುಮತಿಯನ್ನು ಬೇಡುತ್ತವೆ. ಅದರ ತಾತ್ಪರ್ಯ ಇಷ್ಟು: ನೀವು ತೆರೆಯುವ ಎಲ್ಲ ಜಾಲತಾಣಗಳಲ್ಲಿರುವ ನಿಮ್ಮ ಎಲ್ಲ ಮಾಹಿತಿಯನ್ನು ಈ ವಿಸ್ತರಣೆ ಓದಬಲ್ಲುದು, ಬದಲಿಸಲೂ ಬಲ್ಲುದು. ಆ ವಾಕ್ಯವನ್ನು ನಿಂತು ಓದುವವರು ವಿರಳ. ಓದಿದವರೂ ಅದರ ಆಳವನ್ನು ಗ್ರಹಿಸುವುದು ಕಡಿಮೆ. ಎಲ್ಲ ಜಾಲತಾಣಗಳೆಂದರೆ ಸುದ್ದಿಯ ತಾಣ ಮಾತ್ರವಲ್ಲ. ಬ್ಯಾಂಕಿನ ಲೆಕ್ಕದ ಪುಟ, ಮಗಳ ಮದುವೆಯ ಮಾತುಕತೆಯಿರುವ ಅಂಚೆ, ವೈದ್ಯರು ಕಳಿಸಿದ ರಕ್ತಪರೀಕ್ಷೆಯ ವರದಿ, ನಿವೃತ್ತಿವೇತನದ ಕಾಗದಪತ್ರ ಎಲ್ಲವೂ ಅದರಲ್ಲಿ ಸೇರಿದುವು. ಬ್ರೌಸರಿನ ಮೇಲುಭಾಗದಲ್ಲಿ ಬೀಗದ ಚಿತ್ರವೊಂದು ಕಾಣುತ್ತಿದ್ದರೆ ಎಲ್ಲವೂ ಭದ್ರವೆಂದು ಹಲವರು ಬಹುಕಾಲ ನಂಬಿದ್ದರು. ಆ ಭದ್ರತೆ ನಮ್ಮ ಯಂತ್ರಕ್ಕೂ ದೂರದ ತಾಣಕ್ಕೂ ನಡುವಣ ದಾರಿಗೆ ಸಂಬಂಧಿಸಿದ್ದು. ದಾರಿಗಳ್ಳರಿಂದ ಅದು ಕಾಪಾಡುತ್ತದೆ. ವಿಸ್ತರಣೆಯಾದರೋ ದಾರಿಯಲ್ಲಿ ನಿಂತಿಲ್ಲ, ಮನೆಯೊಳಗೇ ಕುಳಿತಿದೆ. ಲಕೋಟೆಯನ್ನು ಒಡೆದು ಪತ್ರವನ್ನು ನಾವು ಕೈಯಲ್ಲಿ ಹಿಡಿದು ಓದುವಾಗ, ಹೆಗಲ ಮೇಲಿಂದ ಇಣುಕಿ ನೋಡಬಲ್ಲ ಸ್ಥಾನ ಅದರದು.

ಇಷ್ಟೊಂದು ಅಧಿಕಾರವನ್ನು ಅಷ್ಟು ಚಿಕ್ಕ ವಸ್ತುವಿಗೆ ಏಕೆ ಕೊಡಬೇಕು ಎಂಬ ಪ್ರಶ್ನೆ ಸಹಜ. ಕೊಡದಿದ್ದರೆ ಅದರ ಕೆಲಸ ಸಾಗದು ಎಂಬುದೇ ಉತ್ತರ. ಪುಟದ ಜಾಹೀರಾತನ್ನು ತೆಗೆಯಬೇಕಾದರೆ ಪುಟವನ್ನು ಓದಲೇಬೇಕು. ಪಾಸ್‌ವರ್ಡನ್ನು ತುಂಬಬೇಕಾದರೆ ಪುಟದಲ್ಲಿ ಬರೆಯಲೇಬೇಕು. ಊರ ಕೆರೆಯ ತೂಬನ್ನು ನೀರುಗಂಟಿಯ ಕೈಗೆ ಒಪ್ಪಿಸದೆ ಹೊಲಗಳಿಗೆ ನೀರು ಹರಿಯಲಾರದಷ್ಟೆ! ಆದ್ದರಿಂದ ಪ್ರಶ್ನೆ ಅಧಿಕಾರವನ್ನು ಕೊಡಬೇಕೋ ಬೇಡವೋ ಎಂಬುದಲ್ಲ. ಎಷ್ಟು ಕೊಡಬೇಕು, ಯಾವಾಗ ಕೊಡಬೇಕು, ಪಡೆದವನು ಅದನ್ನು ಹೇಗೆ ಕಾಯಬೇಕು ಎಂಬುದೇ ವಿಚಾರಣೀಯ.

ಈ ವಿಚಾರ ಇಂದು ನಿನ್ನೆಯದಲ್ಲ. 1975ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ವಿದ್ವಾಂಸರು ಗಣಕಯಂತ್ರಗಳಲ್ಲಿನ ಮಾಹಿತಿಯ ರಕ್ಷಣೆಯನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಪ್ರತಿಯೊಂದು ತಂತ್ರಾಂಶವೂ ತನ್ನ ಕೆಲಸಕ್ಕೆ ಬೇಕಾದ ಕನಿಷ್ಠ ಅಧಿಕಾರದಿಂದಲೇ ನಡೆಯತಕ್ಕದ್ದು ಎಂಬ ತತ್ತ್ವವನ್ನು ಅವರು ಅದರಲ್ಲಿ ಸ್ಪಷ್ಟವಾಗಿ ನಿರೂಪಿಸಿದರು. ಅರ್ಧ ಶತಮಾನ ಕಳೆದರೂ ಸುರಕ್ಷಾ ವಿದ್ಯೆಯ ಅಡಿಗಲ್ಲುಗಳಲ್ಲಿ ಅದು ಒಂದಾಗಿ ಉಳಿದಿದೆ. ಹಿತ್ತಲ ಬಾಗಿಲ ಕೀಲಿಕೈಯನ್ನಷ್ಟೇ ಕೇಳಿದ ನೆರೆಯವನು ತಿಳಿದೋ ತಿಳಿಯದೆಯೋ ಅನುಸರಿಸಿದ್ದು ಇದನ್ನೇ.

ತತ್ತ್ವ ತಿಳಿದಿದ್ದ ಮಾತ್ರಕ್ಕೆ ಆಚರಣೆ ಬಂದುಬಿಡುವುದಿಲ್ಲ. 2010ರಲ್ಲಿ ಆಡಮ್ ಬಾರ್ತ್, ಏಡ್ರಿಯನ್ ಪೋರ್ಟರ್ ಫೆಲ್ಟ್, ಪ್ರತೀಕ್ ಸಕ್ಸೇನಾ, ಆರನ್ ಬೂಡ್‌ಮನ್ ಎಂಬ ನಾಲ್ವರು ಸಂಶೋಧಕರು ಫೈರ್‌ಫಾಕ್ಸ್ ಬ್ರೌಸರಿನ 25 ಜನಪ್ರಿಯ ವಿಸ್ತರಣೆಗಳನ್ನು ಪರಿಶೀಲಿಸಿದರು. ಆ ಕಾಲದಲ್ಲಿ ಪ್ರತಿಯೊಂದು ವಿಸ್ತರಣೆಗೂ ಬ್ರೌಸರಿನ ಸಮಸ್ತ ಅಧಿಕಾರವೂ ದೊರೆಯುತ್ತಿತ್ತು. ಗಣಕಯಂತ್ರದಲ್ಲಿರುವ ಕಡತಗಳನ್ನು ತೆರೆಯುವುದಕ್ಕೂ ಅಡ್ಡಿಯಿರಲಿಲ್ಲ. ಆದರೆ ಆ 25ರಲ್ಲಿ ಅಷ್ಟೂ ಅಧಿಕಾರ ನಿಜವಾಗಿ ಬೇಕಾಗಿದ್ದುದು ಮೂರಕ್ಕೆ ಮಾತ್ರ. ಉಳಿದ 22, ಎಂದರೆ ನೂರಕ್ಕೆ 88ರಷ್ಟು, ತಮಗೆ ಬೇಡದ ಕೀಲಿಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಿದ್ದುವು. ಅವುಗಳ ಕರ್ತೃಗಳು ಕೆಟ್ಟವರಾಗಿರಲಿಲ್ಲ. ಆದರೆ ಒಳ್ಳೆಯವನ ಸೊಂಟದಲ್ಲಿರುವ ಬೀಗದ ಕೈಯನ್ನು ಕಳ್ಳನು ಎಗರಿಸಬಹುದಲ್ಲವೆ? ಆ ಪ್ರಬಂಧದ ಆತಂಕವೂ ಅದೇ ಆಗಿತ್ತು. ಅದೇ ವರ್ಷ ಜನವರಿಯಲ್ಲಿ ಕ್ರೋಮ್ ಬ್ರೌಸರು ವಿಸ್ತರಣೆಗಳನ್ನು ಸಾರ್ವಜನಿಕರಿಗೆ ತೆರೆದಾಗ, ಪ್ರತಿಯೊಂದು ವಿಸ್ತರಣೆಯೂ ತನಗೆ ಬೇಕಾದ ಅಧಿಕಾರಗಳನ್ನು ಮೊದಲೇ ಬರೆದು ಘೋಷಿಸಬೇಕೆಂಬ ನಿಯಮದೊಂದಿಗೇ ಬಂದಿತು. ಈ ಘೋಷಣಾಪತ್ರಕ್ಕೆ ಮ್ಯಾನಿಫೆಸ್ಟ್ ಎಂದು ಹೆಸರು. 2017ರ ನವೆಂಬರಿನಲ್ಲಿ ಫೈರ್‌ಫಾಕ್ಸ್ ಸಹ ಹಳೆಯ ಪದ್ಧತಿಯನ್ನು ಕೈಬಿಟ್ಟು ಇದೇ ಬಗೆಯ ವ್ಯವಸ್ಥೆಗೆ ಬಂದಿತು.

ಈಗ ಇಂಜಿನಿಯರನ ದಿನಚರಿಯನ್ನು ನೋಡೋಣ. ಹೊಸ ವಿಸ್ತರಣೆಯೊಂದನ್ನು ಕಟ್ಟಲು ಕುಳಿತಾಗ ಅವನ ಮುಂದೆ ಬರುವ ಮೊದಲ ಪ್ರಶ್ನೆಗಳಲ್ಲಿ ಒಂದು, ಮ್ಯಾನಿಫೆಸ್ಟಿನಲ್ಲಿ ಏನನ್ನು ಬೇಡಬೇಕು ಎಂಬುದು. ಎಲ್ಲ ತಾಣಗಳ ಅನುಮತಿಯನ್ನು ಒಮ್ಮೆಗೇ ಬೇಡಿಬಿಟ್ಟರೆ ಅವನ ಕೆಲಸ ಹಗುರವಾಗುತ್ತದೆ. ನಾಳೆ ಹೊಸ ಸೌಲಭ್ಯವೊಂದನ್ನು ಸೇರಿಸುವಾಗ ಮತ್ತೆ ಕೇಳುವ ತೊಂದರೆ ತಪ್ಪುತ್ತದೆ. ಅನಂತರ ಹೆಚ್ಚಿನ ಅಧಿಕಾರ ಕೇಳಿದರೆ ಬಳಕೆದಾರನು ಒಪ್ಪುವವರೆಗೆ ಕ್ರೋಮ್ ಬ್ರೌಸರು ಆ ವಿಸ್ತರಣೆಯನ್ನು ನಿಲ್ಲಿಸಿಬಿಡಬಹುದು. ಜನ ಗಾಬರಿಯಾಗಿ ಅದನ್ನು ಕಿತ್ತುಹಾಕಲೂಬಹುದು. ಆದ್ದರಿಂದ ಮೊದಲೇ ಹೆಚ್ಚು ಬೇಡುವ ಆಸೆ ಪ್ರಬಲವಾಗಿರುತ್ತದೆ. ವಿವೇಕಿಯಾದವನು ಈ ಆಸೆಯನ್ನು ಗೆಲ್ಲುತ್ತಾನೆ. ಬಳಕೆದಾರನು ಗುಂಡಿ ಒತ್ತಿದಾಗ, ಆಗ ತೆರೆದಿರುವ ಒಂದು ಪುಟಕ್ಕೆ ಮಾತ್ರ, ತಾತ್ಕಾಲಿಕವಾಗಿ ಅನುಮತಿ ಪಡೆಯುವ ಮಾರ್ಗವೊಂದು ಬ್ರೌಸರಿನಲ್ಲೇ ಇದೆ. ಬೇಕಾದ ಹೊತ್ತಿಗೆ ಕೇಳಿ ಪಡೆಯುವ ಐಚ್ಛಿಕ ಅನುಮತಿಗಳೂ ಇವೆ. ಇವುಗಳನ್ನು ಬಳಸಿ ಕೆಲಸ ಸಾಧಿಸಲು ಹೆಚ್ಚು ಶ್ರಮ ಬೇಕು, ಹೆಚ್ಚು ಬುದ್ಧಿಯೂ ಬೇಕು. ಆ ಶ್ರಮ ಹೊರಗಿನವರಿಗೆ ಕಾಣುವುದಿಲ್ಲ.

ಎರಡನೆಯ ಎಚ್ಚರ ಅಪರಿಚಿತರ ಮಾತಿನ ವಿಷಯದ್ದು. ವಿಸ್ತರಣೆಯ ಒಂದು ಭಾಗ ಜಾಲತಾಣದ ಪುಟದೊಳಗೆ ಹೋಗಿ ಕೆಲಸ ಮಾಡುತ್ತದೆ. ಇನ್ನೊಂದು ಭಾಗ ಹಿನ್ನೆಲೆಯಲ್ಲಿದ್ದು ಮುಖ್ಯ ಅಧಿಕಾರಗಳನ್ನು ಹಿಡಿದಿರುತ್ತದೆ. ಪುಟದ ತಂತ್ರಾಂಶಕ್ಕೂ ವಿಸ್ತರಣೆಯ ತಂತ್ರಾಂಶಕ್ಕೂ ನಡುವೆ ಬ್ರೌಸರು ಗೋಡೆಯೊಂದನ್ನು ಕಟ್ಟಿದೆ. ಆದರೆ ಪುಟದಲ್ಲಿ ಕಾಣುವ ಅಕ್ಷರ, ಚಿತ್ರ, ಪೆಟ್ಟಿಗೆಗಳು ಇಬ್ಬರಿಗೂ ಸಮಾನ. ದುಷ್ಟ ತಾಣವು ತನ್ನ ಪುಟದಲ್ಲಿ ಸೋಗಿನ ವಿಷಯವನ್ನಿಟ್ಟು ವಿಸ್ತರಣೆಯನ್ನು ಮೋಸಗೊಳಿಸಲು ಯತ್ನಿಸಬಹುದು. ಆದುದರಿಂದ ಪುಟದಿಂದ ಬಂದ ಪ್ರತಿಯೊಂದು ಸಂದೇಶವನ್ನೂ ಅದು ಎಲ್ಲಿಂದ ಬಂತು, ಯಾರು ಕಳಿಸಿದರು, ಅದರ ರೂಪ ಸರಿಯಿದೆಯೇ ಎಂದು ಪರೀಕ್ಷಿಸಿಯೇ ಹಿನ್ನೆಲೆಯ ಭಾಗವು ಸ್ವೀಕರಿಸಬೇಕು. ಹೊರಗಿನಿಂದ ಬಂದ ಬರಹವನ್ನು ಬರಹವೆಂದೇ ತೋರಿಸಬೇಕು, ಆಜ್ಞೆಯೆಂದು ನಡೆಸಬಾರದು. ಕೇಳಲು ಸುಲಭವಾದ ಈ ನಿಯಮಗಳನ್ನು ಸಾವಿರಾರು ಸಾಲುಗಳ ಬರವಣಿಗೆಯಲ್ಲಿ ಒಂದೆಡೆಯೂ ತಪ್ಪದಂತೆ ಪಾಲಿಸುವುದು ಕಠಿಣ ವ್ರತ.

ಈ ವ್ರತದಲ್ಲಿ ದೊಡ್ಡವರೂ ಎಡವಿದ್ದುಂಟು. ಇಂಗ್ಲಿಷ್ ಬರವಣಿಗೆಯನ್ನು ತಿದ್ದುವ ಗ್ರಾಮರ್ಲಿ ಎಂಬ ವಿಸ್ತರಣೆಯಲ್ಲಿ 2018ರ ಫೆಬ್ರವರಿಯಲ್ಲಿ ಗಂಭೀರ ದೋಷವೊಂದು ಬೆಳಕಿಗೆ ಬಂದಿತು. ಗೂಗಲ್ ಸಂಸ್ಥೆಯ ಸುರಕ್ಷಾ ಸಂಶೋಧಕ ಟಾವಿಸ್ ಓರ್ಮಂಡಿ ಅದನ್ನು ಕಂಡುಹಿಡಿದರು. ಬಳಕೆದಾರನ ಖಾತೆಯನ್ನು ತೆರೆಯುವ ಗುರುತಿನ ಚೀಟಿಯು ಅವನು ಭೇಟಿ ನೀಡಿದ ಯಾವುದೇ ತಾಣದ ಕೈಗೆ ಸಿಗುವಂತಿತ್ತು. ಅಂದಿಗೆ ಅದರ ಬಳಕೆದಾರರು ಸುಮಾರು 2 ಕೋಟಿ 20 ಲಕ್ಷ ಮಂದಿ. ಸಂಸ್ಥೆಯವರು ಕೆಲವೇ ದಿನಗಳಲ್ಲಿ ದೋಷವನ್ನು ಸರಿಪಡಿಸಿದರು. ದೋಷವಿಲ್ಲದ ಕೃತಿ ಮನುಷ್ಯನಿಂದ ಅಸಾಧ್ಯ. ತೋರಿಸಿಕೊಟ್ಟವನ ಮೇಲೆ ಮುನಿಯದೆ ಕೂಡಲೇ ತಿದ್ದಿಕೊಳ್ಳುವುದು ಮಾತ್ರ ಸಾಧ್ಯವೂ ಹೌದು, ಕರ್ತವ್ಯವೂ ಹೌದು.

ಅಜ್ಞಾನದಿಂದ ಬರುವ ಅಪಾಯ ಇದಾದರೆ, ಪ್ರಲೋಭನೆಯಿಂದ ಬರುವ ಅಪಾಯ ಬೇರೊಂದು. ಎಷ್ಟೋ ವಿಸ್ತರಣೆಗಳನ್ನು ಒಬ್ಬನೇ ವ್ಯಕ್ತಿ, ಹಗಲು ನೌಕರಿ ಮುಗಿಸಿ ಬಂದು, ರಾತ್ರಿಯ ಬಿಡುವಿನಲ್ಲಿ ಕಟ್ಟಿರುತ್ತಾನೆ. ಅದು ಜನಪ್ರಿಯವಾಗುತ್ತದೆ, ಲಕ್ಷಾಂತರ ಜನ ಬಳಸತೊಡಗುತ್ತಾರೆ. ಅವನಿಗೆ ಅದರಿಂದ ಬಿಡಿಗಾಸೂ ಹುಟ್ಟುವುದಿಲ್ಲ. ದೂರುಗಳು ಮಾತ್ರ ದಿನವೂ ಬರುತ್ತವೆ. ಅಂತಹ ಹೊತ್ತಿನಲ್ಲಿ, "ನಿಮ್ಮ ವಿಸ್ತರಣೆಯನ್ನು ನಮಗೆ ಮಾರಿರಿ" ಎಂಬ ಪತ್ರವೊಂದು ಬಂದರೆ? ಕೊಳ್ಳುವವನಿಗೆ ಬೇಕಾದದ್ದು ಆ ಕೃತಿಯೇ ಆಗಿರಬೇಕೆಂದಿಲ್ಲ. ಅದನ್ನು ನಂಬಿ ಅನುಮತಿ ಕೊಟ್ಟ ಲಕ್ಷಾಂತರ ಜನರ ಮನೆಗಳ ಬೀಗದ ಕೈ ಅವನಿಗೆ ಬೇಕಾಗಿರಬಹುದು. ಹೊಸ ಆವೃತ್ತಿಗಳು ಬಳಕೆದಾರರ ಯಂತ್ರಕ್ಕೆ ತಾವಾಗಿಯೇ ಬಂದು ಸೇರುವುದರಿಂದ, ಒಡೆಯನು ಬದಲಾದದ್ದು ಯಾರಿಗೂ ಗೊತ್ತಾಗದೆ ಹೋಗಬಹುದು.

ದಿ ಗ್ರೇಟ್ ಸಸ್ಪೆಂಡರ್ ಎಂಬ ವಿಸ್ತರಣೆಯ ಕಥೆ ಇದಕ್ಕೆ ನಿದರ್ಶನ. ತೆರೆದಿಟ್ಟು ಮರೆತ ಪುಟಗಳನ್ನು ಮಲಗಿಸಿ, ಗಣಕಯಂತ್ರದ ಭಾರವನ್ನು ಇಳಿಸುವ ಸಾಧುವಾದ ಉಪಕರಣವದು. ಬಳಕೆದಾರರು 20 ಲಕ್ಷಕ್ಕೂ ಹೆಚ್ಚು. 2020ರ ಜೂನ್‌ನಲ್ಲಿ ಅದರ ಮೂಲ ಕರ್ತೃ ಅದನ್ನು ಹೆಸರು ಹೊರಗೆಡಹದ ಬೇರೊಬ್ಬರಿಗೆ ಮಾರಿದನು. ಕೆಲವು ತಿಂಗಳಲ್ಲೇ ಬಂದ ಹೊಸ ಆವೃತ್ತಿಯ ನಡವಳಿಕೆಯನ್ನು ಕಂಡು ಸೂಕ್ಷ್ಮದೃಷ್ಟಿಯ ಕೆಲವು ಬಳಕೆದಾರರು ಎಚ್ಚರಿಕೆಯ ಕೂಗೆಬ್ಬಿಸಿದರು. 2021ರ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆ ಅದರಲ್ಲಿ ದುಷ್ಟ ತಂತ್ರಾಂಶವಿದೆಯೆಂದು ಸಾರಿ ತನ್ನ ಅಂಗಡಿಯಿಂದ ತೆಗೆದುಹಾಕಿತು. ಬಳಕೆದಾರರ ಯಂತ್ರಗಳಲ್ಲಿಯೂ ನಿಲ್ಲಿಸಿತು. ಮಾರಿದವನು ಕಳ್ಳನೆಂದು ಹೇಳಲು ನಮಗೆ ಆಧಾರವಿಲ್ಲ. ದಣಿದ ಮನುಷ್ಯನೊಬ್ಬ ಹೊರೆ ಇಳಿಸಿದನು, ಅಷ್ಟೆ. ಆದರೆ ಅವನ ಹೊರೆಯಲ್ಲಿ ಪರರ ಮನೆಗಳ ಬೀಗದ ಕೈಗಳಿದ್ದುವು. ಬೇಲಿಯೇ ಎದ್ದು ಹೊಲ ಮೇಯ್ದಾಗ, ಬೇಲಿ ಹಾಕಿದವನು ತನಗೆ ಸಂಬಂಧವಿಲ್ಲವೆಂದು ಹೇಳಲಾದೀತೆ?

ಇದಕ್ಕೆ ಪ್ರತಿಯಾಗಿ ನಿಲ್ಲುವ ಉದಾಹರಣೆಯೊಂದಿದೆ. ಕೆನಡಾ ದೇಶದ ರೇಮಂಡ್ ಹಿಲ್ ಎಂಬವರು 2014ರಲ್ಲಿ ಯುಬ್ಲಾಕ್ ಎಂಬ, ಜಾಹೀರಾತು ಮತ್ತು ಬೇಹುಗಾರಿಕೆಯನ್ನು ತಡೆಯುವ ವಿಸ್ತರಣೆಯನ್ನು ರಚಿಸಿದರು. 2015ರಲ್ಲಿ ಅದರ ಹೊಣೆಯನ್ನು ಬೇರೊಬ್ಬರಿಗೆ ವಹಿಸಿಕೊಟ್ಟರು. ಆದರೆ ಸ್ವಲ್ಪ ಕಾಲದಲ್ಲೇ ತಮ್ಮದೇ ದಾರಿಯಲ್ಲಿ ಯುಬ್ಲಾಕ್ ಆರಿಜಿನ್ ಎಂಬ ಪ್ರತ್ಯೇಕ ರೂಪವನ್ನು ಮುಂದುವರಿಸಿದರು. ಕೊಟ್ಟುಬಿಟ್ಟ ಮೊದಲನೆಯದು 2018ರಲ್ಲಿ ಬೇರೊಂದು ಜಾಹೀರಾತು ತಡೆ ಸಂಸ್ಥೆಯ ಪಾಲಾಗಿ, 2019ರಿಂದ ಆಯ್ದ ಜಾಹೀರಾತುಗಳನ್ನು ಒಳಗೆ ಬಿಡತೊಡಗಿತು. ಹಿಲ್ ಅವರು ಉಳಿಸಿಕೊಂಡದ್ದು ಕೋಟ್ಯಂತರ ಜನರ ವಿಶ್ವಾಸವನ್ನು ಗಳಿಸಿತು. ಅದಕ್ಕಾಗಿ ಅವರು ಕಾಣಿಕೆಯನ್ನೂ ಸ್ವೀಕರಿಸುವುದಿಲ್ಲ. ಎಲ್ಲರೂ ಹೀಗೆ ನಡೆಯಬೇಕೆಂದು ವಿಧಿಸುವುದು ನ್ಯಾಯವಲ್ಲ. ಸಂಸಾರಸ್ಥನಿಗೆ ಸಂಪಾದನೆ ಬೇಕು, ದುಡಿಮೆಗೆ ಪ್ರತಿಫಲ ಬೇಕು. ಆದರೆ ಮಾರಬಹುದಾದ ವಸ್ತು ಯಾವುದು, ಮಾರಲಾಗದ ವಿಶ್ವಾಸ ಯಾವುದು ಎಂಬ ವಿವೇಚನೆ ಸಂಪಾದನೆಗೂ ಮೊದಲು ಬೇಕು.

ಮೂರನೆಯ ಅಪಾಯ ವಂಚನೆಯದು. ಇದು ಎಲ್ಲಕ್ಕಿಂತ ಮರುಕ ಹುಟ್ಟಿಸುವಂಥದು. ಸೈಬರ್‌ಹೇವನ್ ಎಂಬುದು ಅಮೆರಿಕದ ಮಾಹಿತಿ ಸುರಕ್ಷಾ ಸಂಸ್ಥೆ. ಅನ್ಯರ ಮಾಹಿತಿಯನ್ನು ಕಾಯುವುದೇ ಅದರ ವ್ಯವಹಾರ. 2024ರ ಡಿಸೆಂಬರ್ 24ರಂದು, ಕ್ರಿಸ್‌ಮಸ್ ಹಬ್ಬದ ಹಿಂದಿನ ದಿನ, ಅಲ್ಲಿನ ನೌಕರರೊಬ್ಬರಿಗೆ ಒಂದು ಪತ್ರ ಬಂದಿತು. ನಿಮ್ಮ ವಿಸ್ತರಣೆ ನಿಯಮಗಳನ್ನು ಉಲ್ಲಂಘಿಸಿದೆ, ಅದನ್ನು ಅಂಗಡಿಯಿಂದ ತೆಗೆಯಲಾಗುವುದು ಎಂಬ ಬೆದರಿಕೆ ಅದರಲ್ಲಿತ್ತು. ನೋಡಲು ಅದು ಗೂಗಲ್ ಸಂಸ್ಥೆಯ ಪತ್ರದಂತೆಯೇ ಇತ್ತು. ನೌಕರರು ಅದರಲ್ಲಿನ ಕೊಂಡಿಯನ್ನು ಒತ್ತಿ, ಗೂಗಲ್‌ನದೇ ಆದ ನಿಜವಾದ ಪುಟಕ್ಕೆ ಹೋಗಿ, ಅಲ್ಲಿ ಅನುಮತಿಯ ಗುಂಡಿಯನ್ನು ಒತ್ತಿದರು. ಅವರ ಖಾತೆಗೆ ಎರಡು ಹಂತದ ಬೀಗವಿತ್ತು. ಹೆಚ್ಚಿನ ರಕ್ಷಣೆಯ ವ್ಯವಸ್ಥೆಯೂ ಇತ್ತು. ಅವರ ಪಾಸ್‌ವರ್ಡು ಕಳವಾಗಲಿಲ್ಲ. ಆದರೂ ಆ ಒಂದು ಗುಂಡಿಯಿಂದ, ವಿಸ್ತರಣೆಯ ಹೊಸ ಆವೃತ್ತಿಯನ್ನು ಪ್ರಕಟಿಸುವ ಅಧಿಕಾರ ವಂಚಕರ ಕೈಗೆ ಹೋಯಿತು. ಮರುದಿನ, ಡಿಸೆಂಬರ್ 25ರಂದು, ವಿಷ ಬೆರೆಸಿದ ಆವೃತ್ತಿ ಹೊರಬಂದಿತು. ಆ ವಿಸ್ತರಣೆಯ ಬಳಕೆದಾರರು ಸುಮಾರು 4 ಲಕ್ಷ. ಹಬ್ಬದ ದಿನದ ಕೊನೆಯಲ್ಲಿ ಸಂಸ್ಥೆಯವರಿಗೆ ವಿಷಯ ತಿಳಿಯಿತು. ತಿಳಿದ ಒಂದು ಗಂಟೆಯೊಳಗೆ ಅದನ್ನು ಹಿಂತೆಗೆದರು. ಒಟ್ಟಿನಲ್ಲಿ ಅದು ಬದುಕಿದ್ದುದು ಸುಮಾರು ಒಂದು ದಿನ. ಅದೇ ಜಾಲಕ್ಕೆ ಸಿಲುಕಿದ ವಿಸ್ತರಣೆಗಳು 30ಕ್ಕೂ ಹೆಚ್ಚೆಂದು ಅನಂತರ ಬಯಲಾಯಿತು.

ಆ ನೌಕರರನ್ನು ಹಳಿಯುವುದು ಸುಲಭ. ಆದರೆ ವಿಚಾರ ಮಾಡಿ ನೋಡಿ: ತಾನು ಕಟ್ಟಿದ ಕೃತಿಗೆ ಕುತ್ತು ಬಂದಿದೆಯೆಂಬ ಹೆದರಿಕೆ, ಹಬ್ಬದ ಹೊತ್ತಿನ ಅವಸರ, ನಿಯಮವನ್ನು ಪಾಲಿಸಬೇಕೆಂಬ ಸದ್ಬುದ್ಧಿ, ಈ ಮೂರೂ ಕೂಡಿ ಅವರನ್ನು ಕೆಡವಿರಬಹುದು. ವಂಚಕರು ದುರಾಸೆಯನ್ನು ಮಾತ್ರ ಬಳಸಿಕೊಳ್ಳುತ್ತಾರೆಂಬುದು ತಪ್ಪು ತಿಳಿವಳಿಕೆ. ಕರ್ತವ್ಯನಿಷ್ಠೆಯನ್ನೂ ಅವರು ಗಾಳವಾಗಿಸಿಕೊಳ್ಳಬಲ್ಲರು. ಆದ್ದರಿಂದಲೇ ಈ ಕಾಯಕದಲ್ಲಿರುವವನಿಗೆ ಅವಸರವೇ ಮೊದಲ ಶತ್ರು. ಕೂಡಲೇ ಮಾಡಿರಿ ಎಂದು ಹೇಳುವ ಪತ್ರ ಬಂದಾಗ, ಅರ್ಧ ಗಳಿಗೆ ನಿಲ್ಲುವುದೇ ಅವನ ಸಾಧನೆ. ಒಬ್ಬನ ಒಪ್ಪಿಗೆಯಿಂದ ಮಾತ್ರ ಹೊಸ ಆವೃತ್ತಿ ಹೊರಡದಂತೆ, ಇಬ್ಬರು ನೋಡಿ ಒಪ್ಪಬೇಕೆಂಬ ಕಟ್ಟಳೆಯನ್ನು ಸಂಸ್ಥೆಗಳು ಇಟ್ಟುಕೊಳ್ಳುವುದೂ ಇದಕ್ಕಾಗಿಯೇ.

ಇಷ್ಟೆಲ್ಲ ಅಪಾಯವಿರುವಾಗ ಬ್ರೌಸರಿನ ಒಡೆಯರೇ ಕಟ್ಟುನಿಟ್ಟಾದ ಕಾಯಿದೆ ಮಾಡಬಾರದೇಕೆ ಎಂದು ಕೇಳಬಹುದು. ಮಾಡಿದ್ದಾರೆ. 2021ರ ಜನವರಿಯಿಂದ ಕ್ರೋಮ್ ಬ್ರೌಸರು ಮ್ಯಾನಿಫೆಸ್ಟಿನ ಮೂರನೆಯ ಆವೃತ್ತಿಯನ್ನು ಸ್ವೀಕರಿಸತೊಡಗಿತು. ಅದರಂತೆ ವಿಸ್ತರಣೆಯು ತನ್ನ ಸಮಸ್ತ ತಂತ್ರಾಂಶವನ್ನೂ ತನ್ನೊಳಗೇ ಹೊಂದಿರಬೇಕು. ದೂರದ ಯಂತ್ರದಿಂದ ಹೊಸ ಆಜ್ಞೆಗಳನ್ನು ತರಿಸಿಕೊಂಡು ನಡೆಸಬಾರದು. ಪರೀಕ್ಷಕರಿಗೆ ಒಂದನ್ನು ತೋರಿಸಿ ಆಮೇಲೆ ಇನ್ನೊಂದನ್ನು ನಡೆಸುವ ಮೋಸಕ್ಕೆ ಇದು ಒಳ್ಳೆಯ ತಡೆ. ಆದರೆ ಅದೇ ಕಾಯಿದೆಯು, ಪುಟಕ್ಕೆ ಬರುವ ಪ್ರತಿಯೊಂದು ವಸ್ತುವನ್ನೂ ತಾನೇ ಪರೀಕ್ಷಿಸಿ ತಡೆಯುವ ಅಧಿಕಾರವನ್ನು ಸಾಮಾನ್ಯ ವಿಸ್ತರಣೆಗಳಿಂದ ಹಿಂತೆಗೆದುಕೊಂಡು, ಮೊದಲೇ ಬರೆದುಕೊಟ್ಟ ಪಟ್ಟಿಯಂತೆ ಬ್ರೌಸರೇ ತಡೆಯುವ ವ್ಯವಸ್ಥೆ ಮಾಡಿತು. ಇದರಿಂದ ಯುಬ್ಲಾಕ್ ಆರಿಜಿನ್‌ನಂತಹ ಸಜ್ಜನ ವಿಸ್ತರಣೆಗಳ ಕೈಯೂ ಕಟ್ಟಿದಂತಾಯಿತೆಂದು ಅನೇಕರು ಆಕ್ಷೇಪಿಸಿದರು. ಜಾಹೀರಾತಿನಿಂದಲೇ ಆದಾಯ ಪಡೆಯುವ ಸಂಸ್ಥೆ ಹೀಗೆ ಮಾಡಬಹುದೇ ಎಂದೂ ಕೇಳಿದರು. 2024ರ ಜೂನ್‌ನಿಂದ ಹಳೆಯ ಬಗೆಯ ವಿಸ್ತರಣೆಗಳನ್ನು ಹಂತಹಂತವಾಗಿ ನಿಲ್ಲಿಸಲಾಯಿತು. 2025ರಲ್ಲಿ ಆ ಕಾರ್ಯ ಮುಗಿಯಿತು. ಫೈರ್‌ಫಾಕ್ಸ್ ಮಾತ್ರ ಹಳೆಯ ಅಧಿಕಾರವನ್ನು ಉಳಿಸಿಕೊಂಡಿತು. ಇಬ್ಬರ ವಾದದಲ್ಲಿಯೂ ಹುರುಳಿದೆ. ಮೇಲಿನಿಂದ ಬರುವ ಕಾಯಿದೆಯು ಕಳ್ಳನನ್ನೂ ಕಾವಲುಗಾರನನ್ನೂ ಒಂದೇ ಹಗ್ಗದಿಂದ ಕಟ್ಟುತ್ತದೆ. ತಾನಾಗಿಯೇ ತನ್ನನ್ನು ಕಟ್ಟಿಕೊಂಡವನಿಗೆ ಮಾತ್ರ ಎಲ್ಲಿ ಸಡಿಲಿಸಬೇಕೆಂಬುದೂ ತಿಳಿದಿರುತ್ತದೆ. ಕಾಯಿದೆ ಬೇಕು, ಅದರಿಂದ ಮಾತ್ರ ಸಾಲದು.

ಈ ಕಾಯಕದ ಇನ್ನೊಂದು ಕಷ್ಟವನ್ನು ಹೇಳದಿದ್ದರೆ ಅಪಚಾರವಾದೀತು. ಸೇತುವೆ ಕಟ್ಟಿದವನಿಗೆ ಸೇತುವೆ ಕಾಣುತ್ತದೆ. ಬೆಳೆ ತೆಗೆದವನಿಗೆ ರಾಶಿ ಕಾಣುತ್ತದೆ. ಸುರಕ್ಷೆಯ ಕೆಲಸ ಮಾಡಿದವನಿಗೆ ಕಾಣುವುದೇನು? ಏನೂ ನಡೆಯದಿರುವುದೇ ಅವನ ಫಲ. ಕಳವಾಗದ ಹಣವನ್ನು ಯಾರೂ ಎಣಿಸುವುದಿಲ್ಲ. ಬೇಡದೆ ಬಿಟ್ಟ ಅನುಮತಿಗಾಗಿ ಯಾರೂ ಸನ್ಮಾನ ಮಾಡುವುದಿಲ್ಲ. ಬದಲಾಗಿ, "ಇದಕ್ಕೆ ಇಷ್ಟು ದಿನ ಏಕೆ ಬೇಕಾಯಿತು?" ಎಂದು ಮೇಲಧಿಕಾರಿ ಕೇಳುವುದುಂಟು. ಬೆಂಗಳೂರಿನಲ್ಲಾಗಲಿ ದೂರದ ದೇಶದಲ್ಲಾಗಲಿ ರಾತ್ರಿ ಹತ್ತರವರೆಗೆ ಯಂತ್ರದ ಮುಂದೆ ಕುಳಿತ ನಮ್ಮ ಮಕ್ಕಳಲ್ಲಿ ಕೆಲವರು ಇಂತಹ ಪ್ರಶ್ನೆಗೆ ಉತ್ತರ ಹುಡುಕುತ್ತಿರಬಹುದು. ಆದ್ದರಿಂದ ತಂದೆತಾಯಂದಿರಲ್ಲಿ ಒಂದು ವಿನಂತಿ. ಹಬ್ಬಕ್ಕೆ ಊರಿಗೆ ಬಂದ ಮಗನನ್ನು, ಮಗಳನ್ನು, ಸಂಬಳ ಎಷ್ಟು ಹೆಚ್ಚಿತೆಂದು ಕೇಳುವುದರ ಜೊತೆಗೆ, "ನಿನ್ನನ್ನು ನಂಬಿದವರು ಎಷ್ಟು ಜನ ಇದ್ದಾರಪ್ಪಾ? ಅವರ ಮನೀ ಕೀಲಿಕೈ ಹೆಂಗ ಕಾಯ್ತೀ?" ಎಂದೂ ಕೇಳಿರಿ. ಆ ಪ್ರಶ್ನೆಯನ್ನು ಮನೆಯಲ್ಲಿ ಕೇಳಿಸಿಕೊಂಡವನು ಅದನ್ನು ಕಚೇರಿಯಲ್ಲಿ ಬೇಗ ಮರೆಯಲಾರನು.

ಇನ್ನು ಬಳಸುವವರಾದ ನಮ್ಮ ಹೊಣೆಯೂ ಇದೆ. ಮನೆಯ ಗಣಕಯಂತ್ರದಲ್ಲಿ ಯಾವ ಯಾವ ವಿಸ್ತರಣೆಗಳಿವೆಯೆಂದು ಬ್ರೌಸರಿನ ಪಟ್ಟಿಯನ್ನು ತೆರೆದು ವರ್ಷಕ್ಕೆರಡು ಸಲವಾದರೂ ನೋಡಬೇಕು. ಬಳಸದಿರುವುದನ್ನು, ಯಾರು ಹಾಕಿದರೆಂದು ನೆನಪಿಲ್ಲದಿರುವುದನ್ನು ತೆಗೆದುಹಾಕಬೇಕು. ಹೊಸದನ್ನು ಸೇರಿಸುವಾಗ ಅದು ಬೇಡುವ ಅನುಮತಿಯ ವಾಕ್ಯವನ್ನು ಪೂರ್ತಿಯಾಗಿ ಓದಬೇಕು. ಪುಟದ ಬಣ್ಣವನ್ನು ಬದಲಿಸುವಷ್ಟರ ಉಪಕರಣಕ್ಕೆ ಎಲ್ಲ ತಾಣಗಳ ಅಧಿಕಾರ ನಿಜವಾಗಿ ಬೇಕೇ ಎಂದು ಒಮ್ಮೆ ಕೇಳಿಕೊಳ್ಳಬೇಕು. ಬ್ಯಾಂಕಿನ ವ್ಯವಹಾರಕ್ಕೆ ಯಾವ ವಿಸ್ತರಣೆಯೂ ಇಲ್ಲದ ಬೇರೊಂದು ಬ್ರೌಸರನ್ನು ಮೀಸಲಿಡುವುದು ಉತ್ತಮ ಪದ್ಧತಿ. ಅದು ಆಗದಿದ್ದರೆ ಬ್ರೌಸರಿನ ಖಾಸಗಿ ಕಿಟಕಿಯನ್ನು ಬಳಸಬಹುದು. ನಾವಾಗಿ ಒಪ್ಪಿಗೆ ಕೊಡದ ಹೊರತು ಕ್ರೋಮ್, ಫೈರ್‌ಫಾಕ್ಸ್‌ಗಳ ಖಾಸಗಿ ಕಿಟಕಿಯಲ್ಲಿ ವಿಸ್ತರಣೆಗಳು ನಡೆಯುವುದಿಲ್ಲ. ಹಣ ಕಳವಾದದ್ದು ಕಂಡುಬಂದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ ಬ್ಯಾಂಕಿಗೂ, 1930 ಎಂಬ ರಾಷ್ಟ್ರೀಯ ಸಹಾಯವಾಣಿಗೂ ತಿಳಿಸಬೇಕು. ಮೋಸಹೋಗುವುದು ಅಪರಾಧವಲ್ಲ, ಮುಚ್ಚಿಟ್ಟು ತಡಮಾಡುವುದರಿಂದ ಕಳ್ಳನಿಗಷ್ಟೇ ಲಾಭ.

ಕೊನೆಯಲ್ಲಿ ಒಂದು ಮಾತು. ವಿದ್ಯೆಯೆಂದರೆ ಹೆಚ್ಚು ಹೆಚ್ಚು ಶಕ್ತಿಯನ್ನು ಪಡೆಯುವುದು ಎಂಬ ಭಾವನೆ ಇಂದು ಬೇರೂರಿದೆ. ಆದರೆ ಈ ಹೊಸ ಕಾಲದ ಕಾಯಕವು ಹಳೆಯದೊಂದು ಪಾಠವನ್ನು ನೆನಪಿಸುತ್ತದೆ. ಪಡೆಯಬಹುದಾದ ಅಧಿಕಾರವನ್ನು ಪಡೆಯದೆ ಬಿಡುವುದಕ್ಕೂ ವಿದ್ಯೆ ಬೇಕು; ಕೈಗೆ ಬಂದ ಗೊಂಚಲಿನಿಂದ ತನಗೆ ಬೇಕಾದ ಒಂದನ್ನಷ್ಟೇ ಆರಿಸಿಕೊಂಡು ಉಳಿದುವನ್ನು ಹಿಂದಿರುಗಿಸುವುದಕ್ಕೆ ಇನ್ನೂ ಹೆಚ್ಚಿನ ವಿದ್ಯೆ ಬೇಕು. ಹಾಗೆ ಹಿಂದಿರುಗಿಸಿದ ಅಪರಿಚಿತರು ಯಾವ ಊರಿನವರೋ, ಯಾವ ಭಾಷೆಯವರೋ ನಾವರಿಯೆವು. ಇಂದು ರಾತ್ರಿ ನಮ್ಮ ಮನೆಯ ಪೆಟ್ಟಿಗೆ ಭದ್ರವಾಗಿರುವುದರಲ್ಲಿ ಅವರ ಪಾಲೂ ಇದೆಯೆಂಬುದನ್ನು ಮರೆಯದಿರೋಣ.